ಹಗಲು ಮಲಗುವವರು ಸದ್ದಿನಿಂದ ಹೇಗೆ ತಪ್ಪಿಸಿಕೊಳ್ತೀರಿ? ದುಬಾರಿ ಹೆಡ್‌ಫೋನ್ ತಗೊಂಡು ಮೋಸ ಹೋದೆನಾ?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರು ವಿಜಯನಗರದಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ. ನನ್ನ ಕೆಲಸ ಅಮೆರಿಕದ ಹೊತ್ತಿಗೆ. ಸಂಜೆ ಏಳಕ್ಕೆ ಕೂತರೆ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತೇನೆ. ಐದಕ್ಕೆ ಮಲಗಿದರೆ ಹನ್ನೆರಡರ ತನಕ ನಿದ್ದೆ ಬೇಕು, ಆದರೆ ಸಿಗುತ್ತಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಒಂಬತ್ತಕ್ಕೆ ಗ್ರಾನೈಟ್ ಕಟಿಂಗ್ ಶುರು. ಅದು ನಿಂತರೆ ಮೇಲಿನ ಮನೆಯಲ್ಲಿ ಕುರ್ಚಿ ಎಳೆಯುವ ಸದ್ದು, ಕರ್ ಕರ್ ಅಂತ ಈ ಗೋಡೆಯಿಂದ ಆ ಗೋಡೆಗೆ, ಮತ್ತೆ ವಾಪಸ್. ಇದರ ಮಧ್ಯೆ ಕುಕ್ಕರ್ ಕೂಗು, ತರಕಾರಿ ಗಾಡಿಯವನ ರೆಕಾರ್ಡ್ ಮಾಡಿಟ್ಟ ಮೈಕು.

ಹೋದ ತಿಂಗಳು ಮನಸ್ಸು ಗಟ್ಟಿ ಮಾಡಿ 25,000 ಕೊಟ್ಟು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಗೊಂಡೆ. ಹಾಕಿದ ತಕ್ಷಣ ಫ್ಯಾನ್ ಸದ್ದು ಮಾಯ, ಖುಷಿಯಾಯಿತು. ಆದರೆ ಗ್ರಾನೈಟ್ ಕಟ್ಟರ್ ಹಾಗೇ ಕೇಳುತ್ತದೆ. ಪಕ್ಕದ ಮನೆಯ ಸೀರಿಯಲ್‌ನಲ್ಲಿ ಅತ್ತೆ ಬೈಯುವುದಂತೂ ಮೊದಲಿಗಿಂತ ಸ್ಪಷ್ಟ. ಪೀಸೇ ಹಾಳಾ, ಅಥವಾ ನನಗೇ ಬಳಸಲು ಬರುತ್ತಿಲ್ಲವಾ?

ಆಡಿಯೋಹುಚ್ಚ
ಪೀಸ್ ಸರಿ ಇದೆ ಸರ್, ಅದು ಮಾಡೋದೇ ಅಷ್ಟು. ಹೊರಗಿನ ಮೈಕ್ ಸದ್ದನ್ನು ಹಿಡಿಯುತ್ತದೆ, ಒಳಗಿನ ಚಿಪ್ ಅದನ್ನೇ ತಲೆಕೆಳಗು ಮಾಡಿ ನಿಮ್ಮ ಕಿವಿಗೆ ಬಿಡುತ್ತದೆ. ಎರಡೂ ಸೇರಿ ಸೊನ್ನೆ. ಉಯ್ಯಾಲೆ ತೂಗುತ್ತಿರುವಾಗ ಎದುರು ನಿಂತು ಸರಿಯಾದ ಹೊತ್ತಿಗೆ ತಳ್ಳಿದರೆ ನಿಂತುಬಿಡುತ್ತದಲ್ಲ, ಹಾಗೆ. ಒಂದೇ ಲಯದಲ್ಲಿ ನಿಧಾನವಾಗಿ ತೂಗುತ್ತಿದ್ದರೆ ನಿಲ್ಲಿಸುವುದು ಸುಲಭ. ಸೆಕೆಂಡಿಗೆ ಸಾವಿರಾರು ಸಲ ಅಲುಗುವುದನ್ನು ನಿಲ್ಲಿಸಲು ಹೋದರೆ ಕೈ ಚೂರು ತಡವಾದರೂ ತಪ್ಪು ಕಡೆಗೆ ತಳ್ಳುತ್ತೀರಿ. ಅದಕ್ಕೇ ಫ್ಯಾನು, ಎಸಿ, ಬಸ್ಸಿನ ಎಂಜಿನ್ ತರಹದ ಗುಂಯ್ ಅನ್ನುವ ಸದ್ದಿಗೆ ಇದು ರಾಮಬಾಣ. ಸುಮಾರು 1000 ಹರ್ಟ್ಸ್, ಅಂದರೆ ಸೆಕೆಂಡಿಗೆ ಸಾವಿರ ಸಲ ಅಲುಗುವ ಸದ್ದು, ದಾಟಿದ ಮೇಲೆ ಇದರ ಆಟ ನಡೆಯುವುದಿಲ್ಲ. ಅಲ್ಲಿಂದ ಮೇಲೆ ಕಿವಿ ಮುಚ್ಚುವ ಮೆತ್ತೆಯೇ ಕೆಲಸ ಮಾಡಬೇಕು.

ಇದು ಹುಟ್ಟಿದ್ದೂ ವಿಮಾನಕ್ಕೇ. ಪಾಲ್ ಲ್ಯೂಗ್ ಅನ್ನುವ ಜರ್ಮನ್ 1936ರಲ್ಲೇ ಈ ಐಡಿಯಾಗೆ ಅಮೆರಿಕದ ಪೇಟೆಂಟ್ ಪಡೆದಿದ್ದರು. ಆಮೇಲೆ ಬೋಸ್ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಬರುವಾಗ ಎಂಜಿನ್ ಸದ್ದಿಗೆ ಹಾಡು ಕೇಳಿಸದೆ, ಕೂತಲ್ಲೇ ಇದರ ಲೆಕ್ಕ ಹಾಕಿದರಂತೆ. 1989ರಲ್ಲಿ ಅವರ ಕಂಪನಿ ಪೈಲಟ್‌ಗಳ ಹೆಡ್‌ಸೆಟ್ ಮಾರಾಟಕ್ಕೆ ತಂದಿತು. ಎಂಜಿನ್ ಗುಂಯ್‌ಗುಡುವಿಕೆಗೆ ಮಾಡಿದ ವಸ್ತು ಗ್ರಾನೈಟ್ ಕಟ್ಟರ್‌ಗೆ ಹೊಂದಲಿಲ್ಲ ಅಂತ ಬೇಜಾರಾಗಬೇಡಿ.

ಸೀರಿಯಲ್ ಅತ್ತೆ ಜಾಸ್ತಿ ಕೇಳುತ್ತಿರುವುದಕ್ಕೂ ಕಾರಣ ಅದೇ. ಮೊದಲು ಫ್ಯಾನಿನ ಸದ್ದು ಆಕೆಯನ್ನು ಮುಚ್ಚಿತ್ತು. ಈಗ ನೀವು ಫ್ಯಾನನ್ನು ತೆಗೆದಿರಿ.

ಹಳ್ಳಿಹೈದ
ಇಷ್ಟೆಲ್ಲ ಯಾಕೆ ಗುರು, ಊರಿಗೆ ಬಂದುಬಿಡಿ. ನಿಶ್ಶಬ್ದ ಫ್ರೀ.

ಮಲ್ನಾಡ್_ಮಳೆ
ಯಾವ ಊರು ಮಾರಾಯ್ರೆ ನಿಮ್ಮದು? ನಮ್ಮ ಸಾಗರದ ಕಡೆ ಬನ್ನಿ ನೋಡೋಣ. ಸುಗ್ಗಿ ಬಂತಂದರೆ ಅಡಿಕೆ ಸುಲಿಯುವ ಮಷಿನ್ ಅಂಗಳದಲ್ಲಿ ರಾತ್ರಿ ಹನ್ನೊಂದರ ತನಕ. ಮಳೆಗಾಲದಲ್ಲಿ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ, ಜೊತೆಗೆ ಕಪ್ಪೆ. ಶೀಟಿನ ಮೇಲೆ ಅಡಿಕೆ ಸೋಗೆ ಹೊದಿಸಿ ಕಟ್ಟಿದ ಮೇಲೆ ಅರ್ಧಕ್ಕರ್ಧ ಕಡಿಮೆ ಆಯಿತು. ಹನಿ ನೇರ ತಗಡಿಗೆ ಹೊಡೆಯಬಾರದು, ಅಷ್ಟೇ ಗುಟ್ಟು. ಆದರೆ ನಿಜ ಹೇಳಬೇಕಂದರೆ ಮಳೆ ಸದ್ದಿಗೆ ಯಾರೂ ಎಚ್ಚರ ಆಗುವುದಿಲ್ಲ. ಮಳೆ ಫಕ್ಕನೆ ನಿಂತರೆ ಎಚ್ಚರ ಆಗುತ್ತದೆ.

ಆಡಿಯೋಹುಚ್ಚ
ಮಲ್ನಾಡ್ ಅವರು ಕೊನೆಯಲ್ಲಿ ಹೇಳಿದ್ದು ಬಹಳ ಮುಖ್ಯ. ನಿದ್ದೆ ಕೆಡಿಸುವುದು ಸದ್ದಿಗಿಂತ ಸದ್ದಿನ ಏರಿಳಿತ. ಅದಕ್ಕೇ ಕೆಲವರು ಫ್ಯಾನ್ ಜೋರಾಗಿ ಹಾಕಿ, ಅಥವಾ ಫೋನಿನಲ್ಲಿ ಮಳೆ ಸದ್ದು ಹಾಕಿ ಮಲಗುತ್ತಾರೆ. ಬಿಳಿ ಸದ್ದು ಅಂತ ಬರುವ ಫೈಲುಗಳು ಕಿವಿಗೆ ಸ್ವಲ್ಪ ಚುಚ್ಚುತ್ತವೆ. ಕಂದು ಸದ್ದು ಅಂತ ಸಿಗುತ್ತದೆ, ಬ್ರೌನ್ ನಾಯ್ಸ್ ಅಂತ ಹುಡುಕಿ, ಅದು ದೂರದ ಜಲಪಾತದ ಹಾಗೆ ಮೆತ್ತಗಿರುತ್ತದೆ.

ರಾತ್ರಿಪಾಳಿ ಅವರಿಗೆ ನನ್ನ ಸಲಹೆ: 25,000ದ ಹೆಡ್‌ಫೋನ್ ಕೆಳಗೆ 20 ರೂಪಾಯಿಯ ಫೋಮ್ ಇಯರ್‌ಪ್ಲಗ್ ಹಾಕಿ. ತಮಾಷೆ ಅಲ್ಲ. ಪ್ಲಗ್ ಕೀರಲು ಸದ್ದನ್ನು ತಡೆಯುತ್ತದೆ, ಹೆಡ್‌ಫೋನ್ ಗುಂಯ್ ಸದ್ದನ್ನು ತಿನ್ನುತ್ತದೆ.

ರಾತ್ರಿಪಾಳಿ
ಮೆಡಿಕಲ್ ಶಾಪ್‌ನಲ್ಲಿ ಸಿಕ್ಕ ಪ್ಲಗ್ ಹಾಕಿ ನೋಡಿದ್ದೆ. ಅರ್ಧ ಗಂಟೆಗೆ ಉದುರಿ ದಿಂಬಿನ ಮೇಲೆ ಬಿದ್ದಿತ್ತು.

ಲೇತ್_ಲೋಕ
ಹಾಕಿದ ರೀತಿ ತಪ್ಪು. ನಾನು ಪೀಣ್ಯದಲ್ಲಿ ಪ್ರೆಸ್ ಶಾಪ್ ಕೆಲಸಗಾರ, ಹದಿನಾಲ್ಕು ವರ್ಷದಿಂದ ದಿನಾ ಹಾಕುತ್ತಿದ್ದೇನೆ. ಮೊದಲು ಕೈ ತೊಳೆಯಿರಿ. ಪ್ಲಗ್ಗನ್ನು ಬೆರಳಲ್ಲಿ ಊದುಬತ್ತಿ ಹೊಸೆದ ಹಾಗೆ ಹೊಸೆದು ಕಡ್ಡಿ ಮಾಡಿ. ಬಲಗಿವಿಗೆ ಹಾಕಬೇಕಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಕಿವಿಯ ದಾರಿ ನೇರ ಆಗುತ್ತದೆ. ಒಳಗೆ ತಳ್ಳಿ, ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ. ಅದು ಒಳಗೇ ಊದಿಕೊಳ್ಳಬೇಕು. ಸರಿಯಾಗಿದೆಯಾ ಅಂತ ನೋಡಲು ಎರಡೂ ಕಿವಿಯ ಮೇಲೆ ಅಂಗೈ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ಸದ್ದು ತುಂಬಾ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ 29, 33 ಅಂತ ಇರುತ್ತದೆ, ಅಂದರೆ ಎಷ್ಟು ಡೆಸಿಬೆಲ್ (ಸದ್ದಿನ ಅಳತೆ) ತಗ್ಗಿಸುತ್ತದೆ ಅನ್ನುವ ಅಂಕಿ. ಅದು ಲ್ಯಾಬ್ ಲೆಕ್ಕ. ನಮ್ಮ ಕಿವಿಯಲ್ಲಿ ಅದರ ಅರ್ಧ ಸಿಕ್ಕರೂ ದೊಡ್ಡದು. ಎಸ್‌ಜೆಪಿ ರೋಡ್ ಕಡೆ ಸೇಫ್ಟಿ ಸಾಮಾನು ಮಾರುವವರ ಹತ್ತಿರ ಡಬ್ಬಿಗಟ್ಟಲೆ ಸಿಗುತ್ತದೆ. ಇನ್ನೊಂದು ಮಾತು, ಪ್ಲಗ್ ಮೇಲೆ ಇಯರ್ ಮಫ್ (ಇಡೀ ಕಿವಿ ಮುಚ್ಚುವ ಕಪ್ಪು) ಹಾಕಿದರೆ 29ಕ್ಕೆ 30 ಸೇರಿ 59 ಆಗುತ್ತದೆ ಅಂದುಕೊಳ್ಳಬೇಡಿ. ಐದಾರು ಡೆಸಿಬೆಲ್ ಜಾಸ್ತಿ ಸಿಗುತ್ತದೆ, ಅಷ್ಟೇ. ಕಿವಿ ಎಷ್ಟೇ ಮುಚ್ಚಿದರೂ ತಲೆಬುರುಡೆಯ ಮೂಳೆ ಮೂಲಕ ಸದ್ದು ಒಳಗೆ ಹೋಗುತ್ತದೆ.

ಧಾರವಾಡದಾಕಿ
ಪ್ಲಗ್ ಹಾಕೋರು ಒಂದೆರಡು ಮಾತು ಕೇಳ್ರಿ. ಕಿವಿಗೆ ಎಣ್ಣೆ ಬಿಟ್ಟುಕೊಂಡು ಅದರ ಮೇಲೆ ಪ್ಲಗ್ ತುರುಕಬೇಡಿ. ನಮ್ಮ ತಮ್ಮ ಹಂಗ ಮಾಡಿ, ಒಂದೇ ಜೋಡಿ ಎರಡು ತಿಂಗಳು ಬಳಸಿ ಕಿವಿ ಸೋರಿ ಡಾಕ್ಟರ್ ಹತ್ತಿರ ಓಡಿದ. ಗುಗ್ಗೆ ಜಾಸ್ತಿ ಇದ್ದವರಿಗೆ ಪ್ಲಗ್ ಅದನ್ನು ಇನ್ನೂ ಒಳಗೆ ತಳ್ಳುತ್ತದೆ. ಮನೆಯಲ್ಲಿ ಸಣ್ಣ ಮಗುವೋ ವಯಸ್ಸಾದವರೋ ಇದ್ದು ನೀವೊಬ್ಬರೇ ನೋಡಿಕೊಳ್ಳೋರಾದರೆ ಎರಡೂ ಕಿವಿ ಮುಚ್ಚಿ ಮಲಗಬೇಡಿ. ಅಲಾರಂಗೆ ಕೈಗೆ ಕಟ್ಟುವ, ನಡುಗುವ ವಾಚ್ ಇಟ್ಟುಕೊಳ್ರಿ.

ಮಿಲ್_ತಾತ
ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಮಗ್ಗದ ಖಾತೆಯಲ್ಲಿದ್ದೆ. ಕಿವಿಗೆ ಹತ್ತಿ ತುರುಕುತ್ತಿದ್ದೆವು, ಸುತ್ತ ಹತ್ತಿಯೇ ಇತ್ತಲ್ಲ. ಅದರಿಂದ ಏನೂ ಪ್ರಯೋಜನ ಇಲ್ಲ ಅಂತ ಆಮೇಲೆ ಕಿವಿ ಡಾಕ್ಟರ್ ಹೇಳಿದರು. ಮಾತಾಡುವುದೆಲ್ಲ ಕೈಸನ್ನೆ, ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು. ಈಗ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ. ಮನೆ ನಿಶ್ಶಬ್ದ ಆದಷ್ಟೂ ಜೀರುಂಡೆ ಜೋರು. ರಾತ್ರಿ ರೇಡಿಯೋ ಸಣ್ಣಗೆ ಹಾಕಿಕೊಂಡು ಮಲಗುತ್ತೇನೆ.

ಹುಡುಗರಿಗೆ ಒಂದು ಮಾತು. ಹೊರಗಿನ ಸದ್ದು ಮುಚ್ಚಲು ಕಿವಿಯೊಳಗೆ ಅದಕ್ಕಿಂತ ಜೋರು ಸದ್ದು ಹಾಕಬೇಡಿ. ಮೊಮ್ಮಗ ಅದನ್ನೇ ಮಾಡುತ್ತಾನೆ.

ಲೇತ್_ಲೋಕ
ತಾತ ಹೇಳಿದ್ದಕ್ಕೆ ಲೆಕ್ಕವೂ ಇದೆ. ನಮ್ಮ ಫ್ಯಾಕ್ಟರಿ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದು: 85 ಡೆಸಿಬೆಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೆಡ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಕಡಿಮೆ ಹೇಳುತ್ತದೆ, 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಹಾಡು ಕೇಳಿ ತೆಗೆದಿಡುವುದು ಬೇರೆ, ರಾತ್ರಿಯೆಲ್ಲ ಕಿವಿಯೊಳಗೆ ಮಳೆ ಸುರಿಸುವುದು ಬೇರೆ. ಪ್ಲಗ್ ಹಾಕಿಕೊಂಡು, ಸಣ್ಣಗೆ, ರೂಮಿನ ಸ್ಪೀಕರಿನಲ್ಲಿ ಹಾಕಿ.

ಕಿಟಕಿ_ಕೆಲಸ
ನಾನು ಅಲ್ಯೂಮಿನಿಯಂ, ಯುಪಿವಿಸಿ ಕಿಟಕಿ ಮಾಡುವವನು. ಎಲ್ಲರೂ ಕಿವಿಯ ಬಗ್ಗೆಯೇ ಮಾತಾಡುತ್ತಿದ್ದೀರಿ, ಸದ್ದು ಮನೆಯೊಳಗೆ ಎಲ್ಲಿಂದ ಬರುತ್ತಿದೆ ಅಂತ ಯಾರೂ ಕೇಳಲಿಲ್ಲ. ಗೋಡೆಯಿಂದಲ್ಲ. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಸಾಕಷ್ಟು ತಡೆಯುತ್ತದೆ. ಬರುವುದು ಸಂದಿಯಿಂದ. ಗಾಳಿ ಎಲ್ಲಿ ನುಗ್ಗುತ್ತದೋ ಸದ್ದೂ ಅಲ್ಲೇ ನುಗ್ಗುತ್ತದೆ. ನಮ್ಮೂರಲ್ಲಿ ಬಿಲ್ಡರ್‌ಗಳು ಹಾಕುವುದೆಲ್ಲ ಸ್ಲೈಡಿಂಗ್ ಕಿಟಕಿ. ಎರಡು ಬಾಗಿಲ ನಡುವೆ ಒಂದು ಬ್ರಷ್ ಪಟ್ಟಿ ಇರುತ್ತದೆ, ವೂಲ್ ಪೈಲ್ ಅಂತೀವಿ, ಅದು ಮೂರು ವರ್ಷಕ್ಕೆ ಸವೆದು ಪೊರಕೆ ಆಗಿರುತ್ತದೆ. ಯಾರೂ ಬದಲಿಸುವುದಿಲ್ಲ. ಮೊದಲು ಅದನ್ನು ಬದಲಿಸಿ, ಬಾಡಿಗೆ ಮನೆಯವರೂ ಮಾಡಬಹುದಾದ ಕೆಲಸ.

ಸ್ವಂತ ಮನೆಯವರು ಹೊಸದಾಗಿ ಹಾಕಿಸುವುದಾದರೆ ಸ್ಲೈಡಿಂಗ್ ಬಿಟ್ಟು ಓಪನೆಬಲ್ ಹಾಕಿಸಿ, ಹಿಡಿ ತಿರುಗಿಸಿದರೆ ಬಾಗಿಲು ರಬ್ಬರ್ ಗ್ಯಾಸ್ಕೆಟ್‌ಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ಗಾಜು ಲ್ಯಾಮಿನೇಟೆಡ್ ಇರಲಿ, ಅಂದರೆ ಎರಡು ಗಾಜಿನ ಮಧ್ಯೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ ಅಂಟಿಸಿರುವುದು. ಡಬಲ್ ಗ್ಲಾಸ್ ಅಂತ ಮಧ್ಯೆ 12 ಎಂಎಂ ಗಾಳಿ ಬಿಟ್ಟು ಮಾಡುವುದು ಬಿಸಿಲಿಗೆ ಒಳ್ಳೆಯದು. ಆದರೆ ಬಸ್ಸು, ಲಾರಿಯ ದಪ್ಪ ಸದ್ದಿಗೆ ಜನ ಅಂದುಕೊಂಡಷ್ಟು ಪ್ರಯೋಜನ ಇಲ್ಲ. ನನ್ನ ಹೊಟ್ಟೆಪಾಡಿಗೆ ವಿರುದ್ಧವಾಗಿ ಹೇಳುತ್ತಿದ್ದೇನೆ, ನೆನಪಿರಲಿ. ಹಳೆ ಕಿಟಕಿ ಹಾಗೇ ಇಟ್ಟು ಒಳಗಡೆ 4 ಇಂಚು ಬಿಟ್ಟು ಇನ್ನೊಂದು ಕಿಟಕಿ ಕೂರಿಸಿದರೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಆಮೇಲೆ ಬಾಗಿಲು. ಹಳೆ ಮನೆಗಳಲ್ಲಿ ರೂಮಿಗೂ ಹೊಸ್ತಿಲು ಇರುತ್ತಿತ್ತು. ಈಗ ಬೆಡ್‌ರೂಮ್ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ. ಬಾಗಿಲೇ ಒಳಗೆ ಟೊಳ್ಳು. ಹಳೆ ಸೀರೆ ಸುರುಳಿ ಸುತ್ತಿ ಅಡ್ಡ ಇಟ್ಟು ನೋಡಿ, ವ್ಯತ್ಯಾಸ ಗೊತ್ತಾದರೆ ಆಮೇಲೆ ರಬ್ಬರ್ ಪಟ್ಟಿ ಹಾಕಿಸಿ.

ಸುಮ್ನಿರಿ
ನಾನು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೇನೆ, ಸ್ಟುಡಿಯೋದಲ್ಲಿ ಹಾಗೇ ಮಾಡುತ್ತಾರಂತೆ. ಏನೂ ಆಗಲಿಲ್ಲ.

ಆಡಿಯೋಹುಚ್ಚ
ಅಯ್ಯೋ. ಅದು ಹೆಚ್ಚೆಂದರೆ ರೂಮಿನೊಳಗಿನ ಪ್ರತಿಧ್ವನಿಯನ್ನು ಸ್ವಲ್ಪ ಮುರಿಯುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಸ್ಟುಡಿಯೋದಲ್ಲಿ ಅಂಟಿಸುವ ಸ್ಪಂಜಿನ ಹಾಳೆಯೂ ಅಷ್ಟೇ. ಸದ್ದು ತಡೆಯಲು ಭಾರ ಬೇಕು, ಸಂದಿ ಇರಬಾರದು. ಟ್ರೇಗೆ ಭಾರವೂ ಇಲ್ಲ, ಮೇಲಾಗಿ ಜಿರಳೆ ಸೇರಿಕೊಳ್ಳುತ್ತದೆ, ಬೆಂಕಿಗೂ ಒಳ್ಳೆಯದಲ್ಲ. ತೆಗೆಯಿರಿ. ದಪ್ಪ ಪರದೆಯೂ ಹೆಚ್ಚುಕಮ್ಮಿ ಇದೇ ಜಾತಿ.

ಧಾರವಾಡದಾಕಿ
ಸಂದಿ ಮುಚ್ಚ್ರಿ ಅಂತ ಎಲ್ಲರೂ ಹೇಳಿದಿರಿ, ಒಂದು ಜಾಗ ಬಿಟ್ಟು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದರ ವೆಂಟಿಲೇಟರ್ ಯಾವ ಕಾರಣಕ್ಕೂ ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ವಾಪಸ್ ಬರೋದಿಲ್ಲ. ಸದ್ದು ಬಂದರೆ ಬರಲಿ.

ಕಿಟಕಿ_ಕೆಲಸ
ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನೇ ಮೊದಲು ಹೇಳಬೇಕಿತ್ತು.

ಕರಿಕೋಟು
ಕಾನೂನಿನ ವಿಷಯ ಯಾರೂ ಎತ್ತಲಿಲ್ಲ. ಶಬ್ದ ಮಾಲಿನ್ಯ ನಿಯಮ 2000ರಲ್ಲೇ ಬಂದಿದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಲ್ಲಿ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ, ಉತ್ಸವಕ್ಕೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರ ತನಕ ಬಿಡಬಹುದು. 2010ರ ತಿದ್ದುಪಡಿ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು ಮಾಡುವ ಕಟ್ಟಡದ ಯಂತ್ರವನ್ನೂ ಓಡಿಸುವಂತಿಲ್ಲ. ತೊಂದರೆ ಆದರೆ 112ಕ್ಕೆ ಫೋನ್ ಮಾಡಿ, ಮಾಡಿದ ಸಮಯ ಬರೆದಿಟ್ಟುಕೊಳ್ಳಿ.

ರಾತ್ರಿಪಾಳಿ
ನನ್ನ ರಾತ್ರಿ ಬೆಳಿಗ್ಗೆ ಐದಕ್ಕೆ ಶುರುವಾಗುತ್ತದಲ್ಲ ಸರ್, ಕಾನೂನು ನನ್ನನ್ನು ಒಂದೇ ಗಂಟೆ ಕಾಪಾಡುತ್ತದೆ.

ಕರಿಕೋಟು
ಹ್ಹಹ್ಹ. ಹಗಲಿನ 55 ಇದೆಯಲ್ಲ. ಗ್ರಾನೈಟ್ ಕಟ್ಟರ್ ಪಕ್ಕದಲ್ಲೇ ಇದ್ದರೆ ಅದು ಖಂಡಿತ ದಾಟುತ್ತದೆ. ಆದರೆ ಹಗಲು ಮನೆ ಕಟ್ಟುವವರ ಮೇಲೆ ದೂರು ಕೊಟ್ಟು ಗೆಲ್ಲುವಷ್ಟರಲ್ಲಿ ಅವರ ಗೃಹಪ್ರವೇಶ ಮುಗಿದಿರುತ್ತದೆ. ಮೇಸ್ತ್ರಿ ಹತ್ತಿರ ಹೋಗಿ ಮಾತಾಡಿ.

ಮೈಕಾಸುರ
ಅಸಲಿ ಸಮಸ್ಯೆ ಆ ಧರ್ಮದವರ ಮೈಕು, ಅದರ ಬಗ್ಗೆ ಯಾಕೆ ಯಾರೂ

ನಿರ್ವಾಹಕ
ಮೇಲಿನ ಪೋಸ್ಟನ್ನು ಅಲ್ಲಿಗೇ ಕತ್ತರಿಸಿದ್ದೇನೆ. ಯಾರ ಮೈಕಾದರೂ ನಿಯಮ ಒಂದೇ. ಇಲ್ಲಿ ನಿದ್ದೆಯ ಮಾತು ನಡೆಯುತ್ತಿದೆ, ಜಗಳಕ್ಕೆ ಬೇರೆ ಜಾಗ ನೋಡಿಕೊಳ್ಳಿ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ರಾತ್ರಿ 10ರಿಂದ 6ರ ತನಕ ಗದ್ದಲ ಮಾಡುವಂತಿಲ್ಲ. ಭಾನುವಾರವಂತೂ ಇಡೀ ದಿನ ಗೋಡೆಗೆ ಡ್ರಿಲ್ ಹಾಕುವಂತಿಲ್ಲ. ಬಂದ ಹೊಸದರಲ್ಲಿ ಭಾನುವಾರ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ನಮ್ಮ 750 ವ್ಯಾಟ್ ಮಿಕ್ಸಿ, ಊರಿಂದ ಹೊತ್ತು ತಂದಿದ್ದು. ಕೆಳಗಿನ ಮನೆ ಅಜ್ಜಿ ಮೇಲೆ ಬಂದು ಏನೂ ಹೇಳಲಿಲ್ಲ, ಸುಮ್ಮನೆ ಬಾಗಿಲಲ್ಲಿ ನಿಂತರು. ಈಗ ಶನಿವಾರವೇ ರುಬ್ಬಿ ಫ್ರಿಜ್ಜಿನಲ್ಲಿಡುತ್ತೇನೆ, ಉಳಿದ ದಿನ ಮಿಕ್ಸಿ ಕೆಳಗೆ ಮಡಚಿದ ಯೋಗ ಮ್ಯಾಟ್. ಅರ್ಧ ಸದ್ದು ಕಟ್ಟೆಯ ಕಲ್ಲಿಗೆ ಹತ್ತಿ ಗೋಡೆಗೆ ಹೋಗುತ್ತಿತ್ತು ಅಂತ ಆಗ ಗೊತ್ತಾಯಿತು.

ರಾತ್ರಿಪಾಳಿ
ಮೂರು ವಾರ ಆಯಿತು, ಏನೇನು ಮಾಡಿದೆ ಅಂತ ಹೇಳುತ್ತೇನೆ.

ಮೊದಲು ಒಂದು ಮಧ್ಯಾಹ್ನ ಮೈನ್ ಸ್ವಿಚ್ ಆಫ್ ಮಾಡಿ ಕೂತೆ, ಯಾವುದು ಮನೆಯ ಸದ್ದು, ಯಾವುದು ಹೊರಗಿನದ್ದು ಅಂತ ತಿಳಿಯಲು. ನಾಚಿಕೆ ಆಯಿತು. ಒಂದು ಸಣ್ಣ ಗುಂಯ್ ಸದ್ದು ಇತ್ತಲ್ಲ, ರಸ್ತೆಯ ಟ್ರಾನ್ಸ್‌ಫಾರ್ಮರ್ ಅಂತ ಎರಡು ವರ್ಷದಿಂದ ಬೈಯುತ್ತಿದ್ದೆ, ಅದು ನನ್ನದೇ ಫ್ಯಾನ್. ಗುಂಡಿ ತಿರುಗಿಸುವ ಹಳೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಸ್ಪೀಡ್ ಕಡಿಮೆ ಮಾಡಿದರೆ ಫ್ಯಾನ್ ಗೊಣಗುತ್ತದೆ. ಎಲೆಕ್ಟ್ರಿಷಿಯನ್ ಟಕ್ ಟಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ, ಒಳಗೆ ಕೆಪಾಸಿಟರ್ ಇರುವ ರೆಗ್ಯುಲೇಟರ್ ಹಾಕಿದ. ಗೊಣಗು ನಿಂತಿತು. ಫ್ರಿಜ್ಜಿನ ಒಂದು ಕಾಲು ಗಿಡ್ಡ ಇತ್ತು, ಅದನ್ನೂ ತಿರುಗಿಸಿ ಸರಿ ಮಾಡಿದೆ.

ವೂಲ್ ಪೈಲ್ ಬದಲಿಸಿದೆ, ಬಾಗಿಲ ಕೆಳಗೆ ಪಟ್ಟಿ ಹಾಕಿದೆ. ಸೀರಿಯಲ್ ಅತ್ತೆ ಈಗ ಬೈಯುತ್ತಾಳೆ ಅಂತ ಗೊತ್ತಾಗುತ್ತದೆ, ಏನು ಬೈಯುತ್ತಾಳೆ ಅಂತ ಗೊತ್ತಾಗುವುದಿಲ್ಲ. ಮೇಸ್ತ್ರಿಗೆ ಟೀ ಕುಡಿಸಿ ಮಾತಾಡಿದೆ. ಕಟಿಂಗ್ ಕೆಲಸವನ್ನು ಹನ್ನೊಂದರ ಮೇಲೆ, ಸೈಟಿನ ಆ ಕಡೆ ಮೂಲೆಯಲ್ಲಿ ಮಾಡಿಸುತ್ತೇನೆ ಅಂದ. ಐದು ದಿನಕ್ಕೆ ಮೂರು ದಿನ ಮಾತು ಉಳಿಸಿಕೊಂಡಿದ್ದಾನೆ.

ಇನ್ನು ಮೇಲಿನ ಮನೆ. ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬುಷ್ ಹದಿನಾರು ತಗೊಂಡು, ಸ್ವಲ್ಪ ಸಿಟ್ಟಲ್ಲೇ ಹತ್ತಿದೆ. ಬಾಗಿಲು ತೆಗೆದವರು ಅಜ್ಜಿ. ಪ್ಲಾಸ್ಟಿಕ್ ಕುರ್ಚಿ ಹಿಡಿದು, ಅದನ್ನೇ ಮುಂದೆ ತಳ್ಳಿಕೊಂಡು ನಡೆಯುತ್ತಾರೆ. ಮಗ ಸೊಸೆ ಆಫೀಸಿಗೆ ಹೋದ ಮೇಲೆ ಬಚ್ಚಲಿಗೆ, ಅಡುಗೆಮನೆಗೆ, ದೇವರ ಮುಂದೆ, ಎಲ್ಲಕ್ಕೂ ಆ ಕುರ್ಚಿ. ನಾನು ಕೇಳುತ್ತಿದ್ದದ್ದು ಅದು. ಕೈಯಲ್ಲಿದ್ದ ಬುಷ್ ಏನು ಅಂತ ಅವರು ಕೇಳಿದರು, ಏನೋ ಹೇಳಿ ಕೊಟ್ಟು ಬಂದೆ. ಸಂಜೆ ಮಗನ ಹತ್ತಿರ ಮಾತಾಡಿದೆ. ಅವರಿಗೂ ಗೊತ್ತಿತ್ತು, ಅಜ್ಜಿ ವಾಕರ್ ಬೇಡ ಅಂತ ಹಟ ಹಿಡಿದಿದ್ದರಂತೆ. ಹೋದ ವಾರ ತಂದಿದ್ದಾರೆ, ಕಾಲಿಗೆ ರಬ್ಬರ್ ಇರುವುದು. ಈಗ ಟಕ್, ಟಕ್ ಅಂತ ಸಣ್ಣಗೆ ಕೇಳುತ್ತದೆ. ಎಚ್ಚರ ಆದರೆ, ಅಜ್ಜಿ ದೇವರ ಮನೆಗೆ ಹೊರಟರು ಅಂದುಕೊಂಡು ಮಗ್ಗುಲು ಬದಲಿಸುತ್ತೇನೆ.

ಮಿಲ್_ತಾತ
ಕೆಳಗೆ ನಿದ್ದೆ ಮಾಡುವವರಿದ್ದಾರೆ ಅಂತ ಅವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಹಟ ಬಿಡುತ್ತಿದ್ದರೇನೋ. ನಾವು ವಯಸ್ಸಾದವರು ನಮಗಾಗಿ ವಾಕರ್ ತಗೊಳ್ಳುವುದಿಲ್ಲ.

ಆಡಿಯೋಹುಚ್ಚ
ಹೆಡ್‌ಫೋನ್ ಏನಾಯಿತು?

ರಾತ್ರಿಪಾಳಿ
ಕೆಲಸದ ಹೊತ್ತಲ್ಲಿ ಹಾಕುತ್ತೇನೆ, ಮೀಟಿಂಗಿಗೆ ಚೆನ್ನಾಗಿದೆ. ಮಲಗುವಾಗ ಮಗ್ಗುಲಾದರೆ ಕಿವಿ ನೋಯುತ್ತಿತ್ತು, ಬಿಟ್ಟೆ. ನಿದ್ದೆಗೆ ಪ್ಲಗ್ ಮತ್ತು ಜಲಪಾತ. ಆರು ಗಂಟೆ ಬರುತ್ತಿದೆ. ಉಳಿದಿರುವುದು ಒಂದೇ. ಕಿಟಕಿ ಹೊರಗಿನ ಹೊಂಗೆ ಮರದಲ್ಲಿ ಒಂದು ಕೋಗಿಲೆ. ನಾನು ದಿಂಬಿಗೆ ತಲೆ ಕೊಡುವ ಹೊತ್ತಿಗೆ ಕುಹೂ ಅಂತ ಶುರು ಮಾಡಿದರೆ ಸ್ವರ ಏರಿಸುತ್ತಲೇ ಹೋಗುತ್ತದೆ. ಪ್ಲಗ್ ದಾಟಿ ಬರುತ್ತದೆ. ಯಾರಿಗಾದರೂ ಉಪಾಯ ಗೊತ್ತಾ?

ಮಲ್ನಾಡ್_ಮಳೆ
ಮಳೆಗಾಲ ಹಿಡಿದ ಮೇಲೆ ತಾನಾಗೇ ಕಡಿಮೆ ಆಗುತ್ತದೆ. ಅಲ್ಲಿಯವರೆಗೆ ಏನೂ ಮಾಡಲಿಕ್ಕಾಗುವುದಿಲ್ಲ ಮಾರಾಯ್ರೆ, ಆ ಮರದಲ್ಲಿ ಕಾಗೆ ಗೂಡಿದ್ದರೆ ಕೋಗಿಲೆ ಅಲ್ಲಿಂದ ಕದಲುವುದಿಲ್ಲ.

ಕರಿಕೋಟು
112ಕ್ಕೆ ಮಾತ್ರ ಫೋನ್ ಮಾಡಬೇಡಿ.